ಊರಿಗೆ ಊರನ್ನು ಹೋಲಿಸುವ ಇಂಗ್ಲಿಷು
(ಸಂಘದ ರಾತ್ರಿ ತರಗತಿಯಲ್ಲಿ ಮಾಡಿದ ಭಾಷಣ)



ದಿನವಿಡೀ ದುಡಿದು, ಮೈಯ ಬೆವರು ಆರುವ ಮುಂಚೆಯೇ ಇಲ್ಲಿ ಬಂದು ಕುಳಿತಿದ್ದೀರಿ. ಆದುದರಿಂದ ಪೀಠಿಕೆ ಹಾಕದೆ ವಿಷಯಕ್ಕೆ ಬರುತ್ತೇವೆ.

ನಮ್ಮವರೇ ಒಬ್ಬರು ಹೋಟೆಲೊಂದರಲ್ಲಿ ಹತ್ತು ವರ್ಷ ದುಡಿದವರು. ಅದರ ಪುಣೆಯ ಶಾಖೆಯಲ್ಲಿ ಗಲ್ಲೆಯ ಮೇಲೆ ಕೂರುವ ಕೆಲಸ ಖಾಲಿಯಾಯಿತು. ಇವರನ್ನು ಕರೆದು, ಪುಣೆಗೆ ಏಕೆ ಹೋಗಬಯಸುತ್ತೀರೆಂದು ಇಂಗ್ಲಿಷಿನಲ್ಲಿ ಕೇಳಿದರು. ಮುಂಬಯಿಗಿಂತ ಅಲ್ಲಿ ಬಾಡಿಗೆ ಅಗ್ಗ, ಹೆಂಡತಿ ಮಕ್ಕಳನ್ನು ಊರಿನಿಂದ ಕರೆತರಬಹುದು ಎಂಬುದು ಇವರ ಮನಸ್ಸಿನಲ್ಲಿದ್ದ ಮಾತು. ಬಾಯಿಂದ ಬಂದದ್ದು ಮಾತ್ರ, “ಮುಂಬಯಿ ದ್ಯಾನ್ ಪುಣೆ ಚೀಪ್.” ಕೇಳಿದವರಿಗೆ ಮುಂಬಯಿಯೇ ಅಗ್ಗವೆಂದು ಕೇಳಿಸಿತು. ಹಾಗಿದ್ದರೆ ಇಲ್ಲಿಯೇ ಇರಿ ಎಂದು ನಕ್ಕರು. ಕೆಲಸ ಮತ್ತೊಬ್ಬರ ಪಾಲಾಯಿತು.

ಈ ಸೋದರರು ದಡ್ಡರಲ್ಲ. ಅವರು ಕನ್ನಡವನ್ನು ಸರಿಯಾಗಿ ಬಲ್ಲವರು, ತಪ್ಪಾದದ್ದೂ ಅದರಿಂದಲೇ! ನಾವು ‘ಗಿಂತ’ವನ್ನು ಹಿಂದೆಬಿದ್ದ ಊರಿನ ಬಾಲಕ್ಕೆ ಕಟ್ಟುತ್ತೇವೆ: ಮುಂಬಯಿ-ಗಿಂತ. ಮರಾಠಿಯ ‘ಪೇಕ್ಷಾ’ ಕೂಡ ಹೀಗೆಯೇ ಹಿಂದಕ್ಕೆ ಅಂಟುತ್ತದೆ. ಇಂಗ್ಲಿಷಿನ ‘ದ್ಯಾನ್’ ಆದರೋ ಅದೇ ಊರಿನ ಮುಂದೆ ನಿಲ್ಲುತ್ತದೆ: ದ್ಯಾನ್ ಮುಂಬಯಿ. ‘ದ್ಯಾನ್’ ಆದ ಮೇಲೆ ಯಾವ ಊರಿನ ಹೆಸರು ಬಂದಿತೋ ‘ಗಿಂತ’ ಅದಕ್ಕೆ ಸೇರಿದ್ದು. ಇಷ್ಟು ನೆನಪಿಟ್ಟರೆ ಅರ್ಧ ಪಾಠವಾಯಿತು.

ಇನ್ನರ್ಧ ಇದು. ಕನ್ನಡದಲ್ಲಿ ‘ದೊಡ್ಡದು’ ಎಂಬ ಮಾತು ಹೋಲಿಕೆಯಲ್ಲಿಯೂ ದೊಡ್ಡದಾಗಿಯೇ ಇರುತ್ತದೆ, ಕದಲುವುದಿಲ್ಲ. ಇಂಗ್ಲಿಷಿನಲ್ಲಿ ಅದೇ ಮಾತು ವೇಷ ಬದಲಿಸಬೇಕು. ಬಿಗ್ ಇದ್ದದ್ದು ಬಿಗ್ಗರ್, ಚೀಪ್ ಇದ್ದದ್ದು ಚೀಪರ್, ನಾಯ್ಸಿ ಇದ್ದದ್ದು ನಾಯ್ಸಿಯರ್. ಎಕ್ಸ್‌ಪೆನ್ಸಿವ್, ಕ್ರೌಡೆಡ್ ಮೊದಲಾದ ಮಾತುಗಳಿಗೆ ಬಾಲ ಕಟ್ಟದೆ ಮುಂದೆ ‘ಮೋರ್’ ಇಡಬೇಕು. ಎರಡನ್ನೂ ಒಟ್ಟಿಗೆ ಹಾಕಿ ‘ಮೋರ್ ಬಿಗ್ಗರ್’ ಎಂದರೆ ಸಾಂಬಾರಿಗೆ ಎರಡು ಸಲ ಉಪ್ಪು ಹಾಕಿದಂತೆ. ‘ಬಹಳ ದೊಡ್ಡದು’ ಎಂಬ ನಮ್ಮ ರೂಢಿಯಿಂದ ‘ವೆರಿ ಬಿಗ್ಗರ್’ ಎನ್ನುವವರೂ ಉಂಟು. ಅಲ್ಲಿ ‘ಮಚ್ ಬಿಗ್ಗರ್’ ಎನ್ನತಕ್ಕದ್ದು. ಗುಡ್ ಎಂಬುದು ಬೆಟರ್, ಬ್ಯಾಡ್ ಎಂಬುದು ವರ್ಸ್ ಆಗುತ್ತದೆ. ಇವಕ್ಕೆ ನಿಯಮ ಹುಡುಕಬೇಡಿ, ಬಾಯಿಪಾಠ ಮಾಡಿ. ಹಾಗಾಗಿ ನಮ್ಮ ಸೋದರರು ಹೇಳಬೇಕಾಗಿದ್ದದ್ದು, “ಪುಣೆ ಈಸ್ ಚೀಪರ್ ದ್ಯಾನ್ ಮುಂಬಯಿ.”

ಬಾಡಿಗೆಯ ಮಾತನ್ನೇ ಬಿಡಿಸಿ ಹೇಳಬೇಕಾದರೆ ಇನ್ನೊಂದು ಎಚ್ಚರ ಬೇಕು. ಮುಂಬಯಿಯ ಬಾಡಿಗೆಯನ್ನು ಪುಣೆಯ ಬಾಡಿಗೆಯೊಡನೆ ತೂಗಬೇಕೇ ಹೊರತು ಪುಣೆ ಎಂಬ ಊರಿನೊಡನೆ ಅಲ್ಲ. “ದಿ ರೆಂಟ್ ಇನ್ ಪುಣೆ ಈಸ್ ಲೋವರ್ ದ್ಯಾನ್ ದ್ಯಾಟ್ ಇನ್ ಮುಂಬಯಿ.” ಆ ಪುಟ್ಟ ‘ದ್ಯಾಟ್’ ಎಂದರೆ ‘ಅಲ್ಲಿನ ಬಾಡಿಗೆ’.

ದೊಡ್ಡ ಊರು ಎಂದ ಮಾತ್ರಕ್ಕೂ ಮಾತು ಮುಗಿಯುವುದಿಲ್ಲ. ಯಾವುದರಲ್ಲಿ ದೊಡ್ಡದು? 2011ರ ಜನಗಣತಿಯಲ್ಲಿ ಮುಂಬಯಿಯ ಜನಸಂಖ್ಯೆ 1,24,42,373, ಬೆಂಗಳೂರಿನದು 84,43,675. ಆದರೆ ಆಗಿನ ಪಾಲಿಕೆಯ ವಿಸ್ತೀರ್ಣ ನೋಡಿದರೆ ಬೆಂಗಳೂರು ಸುಮಾರು 700 ಚದರ ಕಿಲೋಮೀಟರು, ಬೃಹನ್ಮುಂಬಯಿ ಅದಕ್ಕಿಂತ ಚಿಕ್ಕದು. “ಮುಂಬಯಿ ಈಸ್ ಬಿಗ್ಗರ್ ಇನ್ ಪಾಪ್ಯುಲೇಶನ್, ಬಟ್ ಸ್ಮಾಲರ್ ಇನ್ ಏರಿಯಾ.” ಆದುದರಿಂದಲೇ ಅದು ಮೋರ್ ಕ್ರೌಡೆಡ್. ಲೋಕಲ್ ಗಾಡಿಯ ಬಾಗಿಲಲ್ಲಿ ನೇತಾಡುವವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಇನ್ನು ಮಳೆ. ಮುಂಬಯಿಯ ಮಳೆಗೆ ಸಮಾನವಿಲ್ಲವೆಂದು ಗೊಣಗುವ ನಮ್ಮ ಕರಾವಳಿಯವರು ತಮ್ಮ ಊರನ್ನು ಮರೆತಂತಿದೆ. ಇಲ್ಲಿ ವರುಷಕ್ಕೆ 2000 ಮಿಲಿಮೀಟರಿಗೆ ಮೇಲೆ ಸುರಿದರೆ ಮಂಗಳೂರಿನಲ್ಲಿ 3000ಕ್ಕೂ ಮೇಲೆ. “ಮುಂಬಯಿ ಈಸ್ ನಾಟ್ ಆಸ್ ವೆಟ್ ಆಸ್ ಮಂಗಳೂರು,” ಅಂದರೆ ಮುಂಬಯಿ ಮಂಗಳೂರಿನಷ್ಟು ಒದ್ದೆಯಲ್ಲ.

ಊರನ್ನು ಅದರ ಹಿಂದಿನ ಕಾಲದೊಡನೆ ಹೋಲಿಸುವುದೂ ಉಂಟು. ಅಲ್ಲಿ ‘ಯೂಸ್ಡ್ ಟು’ ಎಂಬ ಜೋಡಿ ಮಾತು ಬೇಕು: ಹಿಂದೆ ಇತ್ತು, ಈಗಿಲ್ಲ. ಪರೇಲಿನಲ್ಲಿ ಗಿರಣಿಗಳ ಭೋಂಗಾ ಕೇಳಿ ಎದ್ದವರು, ಅಂಥವರ ಮಕ್ಕಳು ನಮ್ಮ ತರಗತಿಯಲ್ಲಿಯೂ ಇದ್ದಾರೆ. 1982ರ ಜನವರಿಯಲ್ಲಿ ಮುಷ್ಕರ ಆರಂಭವಾಯಿತು. ಆಮೇಲೆ ಅನೇಕ ಗಿರಣಿಗಳು ಮತ್ತೆ ಬಾಗಿಲು ತೆರೆಯಲಿಲ್ಲ, ಆ ನೆಲದಲ್ಲಿ ಗೋಪುರದಂಥ ಕಟ್ಟಡಗಳು ಎದ್ದವು. “ದೇರ್ ಯೂಸ್ಡ್ ಟು ಬಿ ಮೆನಿ ಮಿಲ್ಸ್ ಇನ್ ಪರೇಲ್.” ಕಳೆದ ವಾರ ಈ ವಾಕ್ಯವನ್ನು ಹಲಗೆಯ ಮೇಲೆ ಬರೆದಾಗ ಹಿರಿಯರೊಬ್ಬರು ಎದ್ದುನಿಂತು, “ಇದರ ಮುಂದೆ ಬೆಟರ್ ಬರೆಯಲೋ, ವರ್ಸ್ ಬರೆಯಲೋ?” ಎಂದು ಕೇಳಿದರು. ಬಾಳಿದವರು ನೀವು, ನೀವೇ ಬರೆಯಿರಿ ಎಂದು ಸೀಮೆಸುಣ್ಣವನ್ನು ಅವರ ಕೈಗೆ ಕೊಟ್ಟೆವು. ಅವರು ‘ಟಾಲರ್’ ಎಂದು ಬರೆದು ಕುಳಿತರು.

ಬರುವ ಬುಧವಾರ ಪ್ರತಿಯೊಬ್ಬರೂ ತಮ್ಮೂರಿನ ಪೇಟೆಯನ್ನೂ ಈ ನಗರವನ್ನೂ ಹೋಲಿಸಿ ನಾಲ್ಕು ವಾಕ್ಯ ಬರೆದು ತರತಕ್ಕದ್ದು. ಒಂದರಲ್ಲಾದರೂ ‘ಮೋರ್’ ಇರಲಿ, ಒಂದರಲ್ಲಿ ‘ನಾಟ್ ಆಸ್’ ಇರಲಿ. ರಾತ್ರಿ ಪಾಳಿಯಲ್ಲಿರುವವರು ಬರೆದ ಕಾಗದವನ್ನು ಗೆಳೆಯರ ಕೈಯಲ್ಲಿ ಕಳುಹಿಸಿದರೂ ತಿದ್ದಿ ಕೊಡುತ್ತೇವೆ.