ಬಾಲಂಗೋಚಿ ಇಲ್ಲದ ಗಾಳಿಪಟ

ಆಷಾಢ ಬಂತು. ನಮ್ಮ ಹಳ್ಳಿಮೈಸೂರು ಕಡೆ ಆಷಾಢ ಅಂದ್ರೆ ಗಾಳಿ, ಗಾಳಿ ಅಂದ್ರೆ ಗಾಳಿಪಟ. ಇವತ್ತು ಅದರಿಂದಲೇ ಶುರು ಮಾಡ್ತೀನಿ. ಕಾರಣ ಇದೆ. ಮೊನ್ನೆ ಇದೇ ಸ್ಟುಡಿಯೋದಲ್ಲಿ ಚರ್ಚೆಯ ಕಾವಿನಲ್ಲಿ ಒಂದು ಸಣ್ಣ ಪಕ್ಷವನ್ನು ‘ಬಾಲಂಗೋಚಿ’ ಅಂದುಬಿಟ್ಟೆ. ಮನೆಗೆ ಹೋಗುವ ದಾರಿಯುದ್ದಕ್ಕೂ ಆ ಪದ ನನ್ನ ಬೆನ್ನು ಬಿಡಲಿಲ್ಲ.

1996. ನನಗೆ ಎಂಟು ವರ್ಷ. ನಮ್ಮ ಹೊಳೆನರಸೀಪುರ ತಾಲ್ಲೂಕಿನ ಹರದನಹಳ್ಳಿಯ ದೇವೇಗೌಡರು ಜೂನ್ 1ರಂದು ದೇಶದ ಪ್ರಧಾನಿಯಾದರು. ಪೇಪರ್ ತುಂಬಾ ಅವರದೇ ಫೋಟೋ. ಅಂಥದೊಂದು ಹಾಳೆ ಜೋಪಾನವಾಗಿ ಎತ್ತಿಟ್ಟಿದ್ದೆ. ಗಾಳಿ ಬೀಸೋಕೆ ಶುರುವಾದದ್ದೇ ತಡ, ಪೊರಕೆ ಕಡ್ಡಿ, ಅನ್ನದ ಅಂಟು, ದಾರ ಹೊಂದಿಸಿ ಗಾಳಿಪಟ ಮಾಡಿದೆ. ಚಿಕ್ಕಪ್ಪನ ಮಗ ಹಳೇ ಸೀರೆ ಹರಿದು ಬಾಲಂಗೋಚಿ ಕಟ್ಟಿದ. ನಾನು ಕಿತ್ತು ಹಾಕಿದೆ.

“ಪ್ರೈಮ್ ಮಿನಿಸ್ಟರ್‌ಗೆ ಬಾಲ ಯಾಕೋ?”

“ಕೀಳ್ಬೇಡ ಕಣಣ್ಣ, ಗೋತಾ ಹೊಡಿತೈತೆ.”

ನನಗಿಂತ ಎರಡು ವರ್ಷ ಚಿಕ್ಕೋನು. ಅವನ ಮಾತು ನಾನ್ಯಾಕೆ ಕೇಳಲಿ? ಪಟ ಸರ್ರನೆ ಏರಿತು, ಗಿರಗಿರ ಸುತ್ತಿತು, ತೆಂಗಿನ ಮರಕ್ಕೆ ಸಿಕ್ಕಿ ಚಿಂದಿಯಾಯಿತು. ಅವನು ನಗಲಿಲ್ಲ. ಇನ್ನೊಂದು ಚೂರು ಬಟ್ಟೆ ಹುಡುಕೋಕೆ ಮನೆಗೆ ಓಡಿದ.

ಅವನು ಹೇಳಿದ್ದರ ಲೆಕ್ಕ ನನಗೆ ಅರ್ಥವಾಗಿದ್ದು ಇಂಜಿನಿಯರಿಂಗ್ ಓದುವಾಗ. ಪಟವನ್ನು ಎತ್ತೋದು ಗಾಳಿ. ಬಾಲಂಗೋಚಿ ಅದನ್ನು ಎತ್ತಲ್ಲ, ಹಿಂದಕ್ಕೆ ಎಳೆಯುತ್ತೆ. ಆ ಎಳೆತಕ್ಕೇ ಪಟದ ತಲೆ ಮೇಲೆ, ಬುಡ ಕೆಳಗೆ ನಿಲ್ಲೋದು. ಬಾಲ ಅತಿ ಭಾರವಾದ್ರೆ ಪಟ ಏರಲ್ಲ, ಬಾಲವೇ ಇಲ್ಲದಿದ್ರೆ ನೆಟ್ಟಗೆ ನಿಲ್ಲಲ್ಲ.

ರಾಜಕೀಯದಲ್ಲೂ ಇಷ್ಟೇ ಅಲ್ವಾ? ಆವತ್ತು ಲೋಕಸಭೆಯಲ್ಲಿ ಜನತಾದಳಕ್ಕೆ 46 ಸ್ಥಾನ. ಸಂಯುಕ್ತ ರಂಗದ ಸರ್ಕಾರಕ್ಕೆ ಹೊರಗಿನಿಂದ ಬೆಂಬಲ ಕೊಟ್ಟಿದ್ದ ಕಾಂಗ್ರೆಸ್ಸಿಗೆ 140. ಹತ್ತು ತಿಂಗಳಲ್ಲಿ ಆ ಬೆಂಬಲ ವಾಪಸಾಯಿತು. 1997ರ ಏಪ್ರಿಲ್ 11ರಂದು ಸರ್ಕಾರ ವಿಶ್ವಾಸಮತ ಸೋತಿತು. ನಾವು ಮಾಧ್ಯಮದವರು ಕುರ್ಚಿಯಲ್ಲಿ ಕೂತವರ ಫೋಟೋ ತೋರಿಸ್ತೀವಿ. ಕುರ್ಚಿ ನಿಂತಿರೋದು ಮಾತ್ರ ಫೋಟೋದಲ್ಲಿ ಇಲ್ಲದವರ ಬಲದ ಮೇಲೆ.

ಬೇರೆಯವರ ಕಥೆ ಸಾಕು. ನನ್ನದು ಹೇಳ್ತೀನಿ. ಕೆಲವು ವರ್ಷದ ಹಿಂದೆ ಒಂದು ಅಪಘಾತದ ಬ್ರೇಕಿಂಗ್ ನ್ಯೂಸ್. ಡೆಸ್ಕಿನಲ್ಲಿ ಹೊಸದಾಗಿ ಸೇರಿದ್ದ ಹುಡುಗಿ ಕಿವಿಯಲ್ಲಿ ಹೇಳಿದಳು: “ಸರ್, ಹೆಸರುಗಳು ಇನ್ನೂ ಖಚಿತ ಆಗಿಲ್ಲ. ಐದು ನಿಮಿಷ ತಡೀರಿ.” ನಾನು ತಡೀಲಿಲ್ಲ. ಸತ್ತವರು ಅಂತ ಐದು ಹೆಸರು ಓದಿದೆ. ಐದನೆಯವರು ಆಸ್ಪತ್ರೆಯಲ್ಲಿ ಉಸಿರಾಡ್ತಿದ್ದರು. ಅವರ ತಾಯಿ ಟಿವಿ ಮುಂದೆ ಕೂತಿದ್ದರು.

ಆಮೇಲೆ ಕ್ಷಮೆ ಕೇಳಿದೆ. ಆದರೆ ಆ ಮನೆಯವರು ಅತ್ತ ಅಳುವನ್ನು ಯಾವ ಕ್ಷಮೆ ವಾಪಸ್ ತರುತ್ತೆ, ಹೇಳಿ? ಹುಡುಗನಾಗಿದ್ದಾಗ ಸುದ್ದಿಪತ್ರಿಕೆಯನ್ನ ಗಾಳಿಪಟ ಮಾಡಿದ್ದೆ, ದೊಡ್ಡವನಾಗಿ ಸುದ್ದಿಯನ್ನೇ ಗಾಳಿಸುದ್ದಿ ಮಾಡಿದೆ. ಎರಡು ಸಲವೂ ತಡಿ ಅಂದವರು ನನಗಿಂತ ಚಿಕ್ಕವರು. ಎರಡು ಸಲವೂ ಅವರು ಹೇಳಿದ್ದೇ ಸರಿ.

ನಾಯಕರಿಗೆ ಬಾಲಂಗೋಚಿ ಬೇಡ ಅಂತ ನಾನು ಇನ್ನು ಹೇಳಲ್ಲ. ಹೊಗಳುಭಟರು ಬಾಲಂಗೋಚಿ ಅಲ್ಲ ಅಂತ ಮಾತ್ರ ಹೇಳ್ತೀನಿ. ಅವರು ಗಾಳಿ ಬೀಸಿದ ಕಡೆಗೇ ಊದೋರು. ಬಾಲಂಗೋಚಿ ಅಂದ್ರೆ ಹಿಂದಕ್ಕೆ ಎಳೆಯೋರು, “ತಡಿ” ಅನ್ನೋರು. ಮುಖ್ಯಮಂತ್ರಿ ಇರಲಿ, ಮನೆ ಯಜಮಾನ ಇರಲಿ, ನಿಮ್ಮ ಸುತ್ತ ಹಾಗೆ ಅನ್ನೋ ಧೈರ್ಯ ಯಾರಿಗಿದೆ? ಒಮ್ಮೆ ನೋಡಿಕೊಳ್ಳಿ.

ಈಗ ನಮ್ಮ ಡೆಸ್ಕಿನಲ್ಲಿ ಯಾರು ತಡೀರಿ ಅಂದ್ರೂ ನಾನು ನಿಲ್ತೀನಿ. ಬೇರೆ ಚಾನೆಲ್ ಐದು ನಿಮಿಷ ಮುಂದೆ ಹೋದ್ರೆ ಹೋಗಲಿ.