ಕೊನೆಯ ಪ್ರತಿ ಯಾವುದು?



ಕೆಲವು ವರ್ಷಗಳ ಹಿಂದೆ ನಾವು ನಾಲ್ವರು ಸೇರಿ ಕೈಮಗ್ಗದ ನೇಕಾರರನ್ನು ಕುರಿತು ಹತ್ತು ನಿಮಿಷದ ಸಾಕ್ಷ್ಯಚಿತ್ರವೊಂದನ್ನು ತಯಾರಿಸಿದೆವು. ಅದರಲ್ಲಿ ಮಾತನಾಡಿದ್ದ ಹಿರಿಯರೊಬ್ಬರು ಆಮೇಲೆ ಫೋನ್ ಮಾಡಿ, "ಸಾಲದ ವಿಷಯಾ ಹೇಳಿಬಿಟ್ಟೇನಿ, ಅದೊಂದು ತಗದುಬಿಡ್ರಿ. ಮಗಳ ಮದುವಿ ಮಾತು ನಡದದ" ಎಂದರು. ತೆಗೆದೆವು. ಆದರೆ ಪ್ರದರ್ಶನದ ದಿನ ಪರದೆಯ ಮೇಲೆ ಬಂದದ್ದು ತೆಗೆಯುವುದಕ್ಕೆ ಮುಂಚಿನ ಪ್ರತಿ. ಅದರ ಹೆಸರು 'ಫೈನಲ್'. ಸರಿಪಡಿಸಿದ ಪ್ರತಿಯ ಹೆಸರು 'ಫೈನಲ್ ಹೊಸದು'. ಪೆನ್‌ಡ್ರೈವಿಗೆ ಇಳಿಸಿಕೊಂಡವನು ನಾನು. ಆ ಹಿರಿಯರು ಮುಂದಿನ ಸಾಲಿನಲ್ಲೇ ಕುಳಿತಿದ್ದರು.

ಸಂಕಲನದ ಹಂತದಲ್ಲಿರುವ ಚಿತ್ರವನ್ನು ಹಲವರು ನೋಡಿ ಅಭಿಪ್ರಾಯ ಹೇಳಬೇಕಾಗುತ್ತದೆ. ಕ್ಯಾಸೆಟ್ಟಿನ ಕಾಲದಲ್ಲಿ ಚಿತ್ರದ ಮೇಲೆಯೇ ಟೈಮ್‌ಕೋಡ್ ಅಂಕಿಗಳನ್ನು ಮೂಡಿಸಿ ಪ್ರತಿ ಕಳುಹಿಸುತ್ತಿದ್ದರು. ನೋಡಿದವರು ತಿದ್ದುಪಡಿಗಳನ್ನು ಕಾಗದದಲ್ಲಿ ಬರೆದು ಕೊಡುತ್ತಿದ್ದರು. ಈಗ ಆ ಕೆಲಸ ಅಂತರಜಾಲದಲ್ಲಿ ನಡೆಯುತ್ತದೆ. 2015ರಲ್ಲಿ ಬಳಕೆಗೆ ಬಂದು, 2021ರಲ್ಲಿ ಅಡೋಬಿ ಸಂಸ್ಥೆ ಕೊಂಡುಕೊಂಡ ಫ್ರೇಮ್.ಐಒ ಇಂತಹ ಸಾಧನಗಳಲ್ಲಿ ಹೆಸರಾದದ್ದು. ಚಿತ್ರವನ್ನು ಅಲ್ಲಿಗೆ ಏರಿಸಿ ಒಂದು ಲಿಂಕ್ ಕಳುಹಿಸಿದರೆ, ನೋಡುವವರು ಬೇಕಾದ ಫ್ರೇಮಿನಲ್ಲಿ ನಿಲ್ಲಿಸಿ ಅಲ್ಲಿಯೇ ಟಿಪ್ಪಣಿ ಬರೆಯಬಹುದು. ನಮ್ಮಲ್ಲಿ ಟಿ.ವಿ. ಚಿತ್ರಕ್ಕೆ ಸೆಕೆಂಡಿಗೆ 25 ಫ್ರೇಮು. ಹತ್ತು ನಿಮಿಷಕ್ಕೆ 15,000. "ನಡುವೆ ಎಲ್ಲೋ ಒಂದು ಕಡೆ ಧ್ವನಿ ಸರಿಯಿಲ್ಲ" ಎಂಬ ಮಾತಿನಿಂದ ಸಂಕಲನಕಾರನಿಗೆ ಏನೂ ಆಗುವುದಿಲ್ಲ.

ನಾವೂ ಅಂತಹ ಸಾಧನವನ್ನೇ ಬಳಸಿದ್ದೆವು! ಹಾಗಾದರೆ ತಪ್ಪಿದ್ದೆಲ್ಲಿ?

ಮೊದಲನೆಯದಾಗಿ, ಹೊಸ ಪ್ರತಿಯನ್ನು ಹಳೆಯದರ ಮೇಲೆಯೇ ಪೇರಿಸುವ ಸೌಲಭ್ಯ ಅಲ್ಲಿದೆ. ಹಾಗೆ ಮಾಡಿದರೆ ಮೇಲೆ ಕಾಣುವುದು ಇತ್ತೀಚಿನ ಪ್ರತಿ; ಹಿಂದಿನವು ತಮ್ಮ ತಮ್ಮ ಟಿಪ್ಪಣಿಗಳೊಡನೆ ಅದರ ಅಡಿಯಲ್ಲಿರುತ್ತವೆ, ಬೇಕೆಂದಾಗ ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಬಹುದು. ನಾವು ಪ್ರತಿ ಸಲವೂ ಬೇರೆ ಫೈಲಾಗಿ ಏರಿಸಿದೆವು. ಹೀಗೆ ಐದು ಫೈಲುಗಳು ಸಂತೆಯಲ್ಲಿ ಕೂತಂತೆ ಸಾಲಾಗಿ ಕೂತವು. 'ಫೈನಲ್' ಎಂಬ ಪದವನ್ನು ಫೈಲಿನ ಹೆಸರಿಗೆ ಬಳಸಲೇಬಾರದು ಎಂಬುದು ಅಂದಿನಿಂದ ನನ್ನ ಹಟ. ಚಿತ್ರದ ಹೆಸರು, ತಾರೀಖು, ಪ್ರತಿಯ ಅಂಕಿ, ಇಷ್ಟಿದ್ದರೆ ಸಾಕು.

ಎರಡನೆಯದು ಇನ್ನೂ ದೊಡ್ಡ ತಪ್ಪು. ಆ ಹಿರಿಯರ ಮಾತು ಫೋನಿನಲ್ಲೇ ಉಳಿಯಿತು. ಅವರು ಸಾಲದ ಮಾತೆತ್ತುವ ಫ್ರೇಮಿನ ಮೇಲೆ "ಇದು ಹೋಗಬೇಕು, ಅವರ ಕೋರಿಕೆ" ಎಂದು ಯಾರೂ ಬರೆಯಲಿಲ್ಲ. ಬರೆದಿದ್ದರೆ ಹಳೆಯ ಪ್ರತಿಯನ್ನು ತೆರೆದ ಕೂಡಲೇ ನನ್ನ ಕಣ್ಣಿಗೆ ಬೀಳುತ್ತಿತ್ತು. 'ಒಪ್ಪಿಗೆಯಾಗಿದೆ' ಎಂಬ ಗುರುತನ್ನು ಯಾರು ಹಾಕಬೇಕೆಂಬುದೂ ತೀರ್ಮಾನವಾಗಿರಲಿಲ್ಲ, ನಾಲ್ವರೂ ಹಾಕುತ್ತಿದ್ದೆವು.

ಫೋಲ್ಡರುಗಳ ವಿಚಾರದಲ್ಲಿ ಹೆಚ್ಚು ಹೇಳಬೇಕಿಲ್ಲ. ಚಿತ್ರೀಕರಿಸಿದ್ದನ್ನೆಲ್ಲ ಏರಿಸಲು ಹೋಗಬೇಡಿ. ಸಂಕಲನದಲ್ಲಿ ಬಳಸುವ ಪ್ರೊರೆಸ್ 422 ಮಾದರಿಯಲ್ಲಿ ಒಂದು ಗಂಟೆಯ ಎಚ್.ಡಿ. ಚಿತ್ರ ಸುಮಾರು 55 ಗಿಗಾಬೈಟ್ ಜಾಗ ತಿನ್ನುತ್ತದೆ. ನೋಡುವವರ ಪರದೆಗೆ ಹರಿದುಬರುವುದು ಅದನ್ನು ಕುಗ್ಗಿಸಿದ ಪ್ರತಿ. ಅದನ್ನೇ ಇಳಿಸಿಕೊಂಡು ದೊಡ್ಡ ಪರದೆಗೆ ಹಾಕಿ, ಚಿತ್ರ ಮಸುಕಾಯಿತೆಂದು ಕ್ಯಾಮೆರಾವನ್ನು ದೂರುವವರಿದ್ದಾರೆ.

ಮೂಲ ಫೈಲುಗಳು ಬೇರೆಡೆ, ಎರಡು ಕಡೆ ಇರಲಿ. ಇನ್ನೊಂದು ಪ್ರತಿ ನಿಜವಾಗಿ ತೆರೆಯುತ್ತದೆಯೇ ಎಂದು ಆಗಾಗ ನೋಡಿ. 1998ರಲ್ಲಿ ಅಮೆರಿಕದ ಪಿಕ್ಸಾರ್ ಸಂಸ್ಥೆಯಲ್ಲಿ ತಪ್ಪು ಆದೇಶವೊಂದರಿಂದ 'ಟಾಯ್ ಸ್ಟೋರಿ 2' ಚಿತ್ರದ ಬಹುಪಾಲು ಫೈಲುಗಳು ಅಳಿಸಿಹೋದವು. ಕಾದಿಟ್ಟ ಪ್ರತಿಗಳನ್ನು ತೆರೆದರೆ ಅವೂ ಸರಿಯಾಗಿರಲಿಲ್ಲ. ಆಗ ನೆರವಿಗೆ ಬಂದದ್ದು, ಮಗುವಿನ ಆರೈಕೆಗಾಗಿ ಮನೆಯಿಂದ ಕೆಲಸ ಮಾಡುತ್ತಿದ್ದ ಗ್ಯಾಲಿನ್ ಸುಸ್ಮನ್ ಅವರ ಮನೆಯ ಕಂಪ್ಯೂಟರಿನಲ್ಲಿದ್ದ ಪ್ರತಿ.

ಏನನ್ನೂ ಅಳಿಸಬೇಡಿ ಎಂದು ನಮಗೆ ಕಲಿಸುತ್ತಾರೆ. ಆದರೆ ಒಬ್ಬರು ತಮ್ಮ ಮಾತನ್ನು ಹಿಂದಕ್ಕೆ ಪಡೆದಾಗ ಅದು ಅಡಿಯಲ್ಲಿದ್ದರೂ ಇದ್ದಂತೆಯೇ ಅಲ್ಲವೇ? ಪ್ರದರ್ಶನದ ಮರುದಿನ ಹಳೆಯ ಪ್ರತಿಗಳನ್ನೆಲ್ಲ ಅಳಿಸಿದೆ. ಅಳಿಸಿದ್ದನ್ನು ಕೂಡಿಡುವ ಬುಟ್ಟಿಯನ್ನೂ ಖಾಲಿ ಮಾಡಿದೆ. ಆಮೇಲೆ ಸರಿಪಡಿಸಿದ ಪ್ರತಿಯ ಲಿಂಕನ್ನು ಪಾಸ್‌ವರ್ಡ್ ಹಾಕಿ, ಇಳಿಸಿಕೊಳ್ಳುವ ಅವಕಾಶ ಮುಚ್ಚಿ, ಆ ಹಿರಿಯರ ಮಗಳ ಫೋನಿಗೆ ಕಳುಹಿಸಿದೆ. ಎರಡು ದಿನ ಉತ್ತರವಿರಲಿಲ್ಲ. ಮೂರನೆಯ ದಿನ ಅವರು ಮಗ್ಗದ ಮುಂದೆ ಕುಳಿತಿರುವ ಫ್ರೇಮಿನ ಮೇಲೆ ಒಂದು ಟಿಪ್ಪಣಿ ಬಂದಿತ್ತು: "ಅಪ್ಪನ ಹೆಸರು ತಪ್ಪು ಬರದೀರಿ."