ದಂಡೆ ಕಾಯುವ ಕೆಲಸ

ಪದವಿ ಪಡೆದ ಮಕ್ಕಳೇ,

 ನೇರವಾಗಿ ನನಗೆ ಗೊತ್ತಿರುವ ವಿಷಯಕ್ಕೆ ಬರುತ್ತೇನೆ.

ನಾನು ಕುಮಟಾ ತಾಲ್ಲೂಕಿನ ಅಘನಾಶಿನಿ ಅಳಿವೆಯ ದಡದವಳು. ಶಿರಸಿ ಕಡೆ ಹುಟ್ಟಿ ಬರುವ ಈ ಹೊಳೆಗೆ ದೊಡ್ಡ ಅಣೆಕಟ್ಟು ಕಟ್ಟಿಲ್ಲ. ಹಾಗಾಗಿ ಮಳೆಗಾಲಕ್ಕೆ ಸಿಹಿನೀರು, ಬೇಸಿಗೆಗೆ ಉಪ್ಪುನೀರು ಎಂಬ ಕ್ರಮ ಇನ್ನೂ ಉಳಿದಿದೆ. ಪಕ್ಕದ ಶರಾವತಿಯಲ್ಲಿ ವಿದ್ಯುದಾಗಾರದ ಸಿಹಿನೀರು ವರ್ಷವಿಡೀ ಇಳಿದು ಅಳಿವೆ ಸಪ್ಪೆಯಾಯಿತು, ಚಿಪ್ಪುಜೀವಿಯಾದ ಬಳಚು ಕ್ಷೀಣಿಸಿತು. ನಮ್ಮಲ್ಲೂ ಹಾಗಾದೀತೆಂಬ ಭಯ ನನ್ನನ್ನು ಇಷ್ಟು ವರ್ಷ ಓಡಾಡಿಸಿದೆ.

ನನಗೆ ಕೆಲಸ ಕಲಿಸಿದವರು ಶಾಲೆಯ ಮೆಟ್ಟಿಲು ಹತ್ತದ ಒಬ್ಬ ಅಜ್ಜ. ಗಜನಿಯ ಹಲಗೆ ಬಾಗಿಲು ಕಾಯುವುದು ಅವರ ಪಾಲಿನದು. ಉಬ್ಬರದ ನೀರು ತಲುಪುವ ತಗ್ಗು ಗದ್ದೆಗೆ ನಾವು ಗಜನಿ ಎನ್ನುತ್ತೇವೆ. ಮಳೆಗಾಲದಲ್ಲಿ ಇಳಿತಕ್ಕೆ ಬಾಗಿಲೆತ್ತಿ ಮಳೆನೀರು ಹೊರಬಿಡಬೇಕು, ಉಬ್ಬರ ತಿರುಗುವ ಮೊದಲು ಹಾಕಬೇಕು, ನಡುರಾತ್ರಿಯಾದರೂ ತಪ್ಪುವಂತಿಲ್ಲ. ಅಜ್ಜ ಬೊಗಸೆ ನೀರೆತ್ತಿ ನಾಲಿಗೆಗೆ ಹಚ್ಚಿ, "ಉಪ್ಪು ಇನ್ನೂ ಇದ್ದು. ನಾಲ್ಕು ದಿನ ಮಳೆ ಹೊಯ್ಯಲಿ" ಎನ್ನುತ್ತಿದ್ದರು. ಆಮೇಲೆಯೇ ಮೊಳಕೆ ಬಂದ ಕಗ್ಗ ಭತ್ತ ಬಿತ್ತುತ್ತಿದ್ದದ್ದು. ಕಗ್ಗಕ್ಕೆ ಗೊಬ್ಬರ ಬೇಡ, ಹೊಳೆ ತಂದ ಮೆಕ್ಕಲು ಸಾಕು. ದಿನಗಟ್ಟಲೆ ನೆರೆಯಲ್ಲಿ ಮುಳುಗಿದರೂ ಎದ್ದು ನಿಲ್ಲುತ್ತದೆ. ತೆನೆ ಕೊಯ್ದ ಮೇಲೆ ಉಪ್ಪುನೀರು ಒಳಬಿಟ್ಟರೆ ಅದೇ ಕೂಳೆಯ ನಡುವೆ ಸಿಗಡಿ, ಮೀನು ಬೆಳೆಯುತ್ತವೆ.

ಗಜನಿಗೆ ಉಬ್ಬರ ನುಗ್ಗದಂತೆ ಕಟ್ಟಿದ ಮಣ್ಣಿನ ದಂಡೆಯ ಮೇಲೆ ನಡೆಯುವಾಗ ಅಜ್ಜನ ಕಣ್ಣು ಕಾಲಬುಡದಲ್ಲೇ ಇರುತ್ತಿತ್ತು. ಏಡಿ ಕೊರೆದ ಬಿಲ ಕಂಡರೆ ಅಲ್ಲೇ ಕುಳಿತು ಜೇಡಿಮಣ್ಣು, ಹುಲ್ಲು ತುರುಕಿ ಹಿಮ್ಮಡಿಯಲ್ಲಿ ಒತ್ತುತ್ತಿದ್ದರು. ಬೆರಳು ಹೋಗುವಷ್ಟು ತೂತು ಅಮಾವಾಸ್ಯೆಯ ಉಬ್ಬರಕ್ಕೆ ಕೊರಕಲಾಗುತ್ತದೆ. ಅದು ಯಾರ ಗದ್ದೆಯ ಎದುರಿಗಿದ್ದರೂ ಉಪ್ಪು ನುಗ್ಗುವುದು ಇಡೀ ಬಯಲಿಗೆ. ಹಾಗಾಗಿಯೇ ಮನೆಗೊಂದಾಳು ಕೂಡಿ ವರ್ಷವರ್ಷ ದಂಡೆಗೆ ಮಣ್ಣು ಹಾಕುವ ಕಟ್ಟಳೆ ಇತ್ತು.

1970ರ ದಶಕದಲ್ಲಿ ಉಪ್ಪುನೀರು ತಡೆಯುವ ಸರ್ಕಾರಿ ಖಾರ್‌ಲ್ಯಾಂಡ್ ಯೋಜನೆಯ ಕಲ್ಲಿನ ದಂಡೆ ಬಂತು. ಮಣ್ಣಿನದಕ್ಕಿಂತ ಗಟ್ಟಿ, ನಿಜ. ಆದರೆ ಮನೆಗೊಂದಾಳು ಬರುವುದು ನಿಂತಿತು. ಕಲ್ಲು ಕುಸಿದರೆ ಎಲ್ಲರೂ ಇಲಾಖೆಯ ದಾರಿ ಕಾಯತೊಡಗಿದರು. ಮುಂದೆ ಸಿಗಡಿಗೆ ಬೆಲೆ ಬಂದು ಗಜನಿಗಳು ಗುತ್ತಿಗೆಗೆ ಹೋದವು. ಗುತ್ತಿಗೆದಾರನಿಗೆ ಮಳೆಗಾಲದಲ್ಲೂ ಉಪ್ಪುನೀರು ಬೇಕು, ಭತ್ತಕ್ಕೆ ಅದು ವಿಷ. 1990ರ ದಶಕದಲ್ಲಿ ಸಿಗಡಿಗೆ ಬಿಳಿಚುಕ್ಕೆ ರೋಗ ಹೊಡೆಯಿತು. ಹೂಡಿದ ದುಡ್ಡು ಹೋಯಿತು; ತಿರುಗಿ ಬಿತ್ತೋಣವೆಂದರೆ ಎಷ್ಟೋ ಮನೆಗಳ ಕಣಜದಲ್ಲಿ ಕಗ್ಗದ ಬೀಜವೇ ಇರಲಿಲ್ಲ. ನನ್ನ ಸಾರ್ವಜನಿಕ ಬದುಕು ಶುರುವಾದದ್ದು ಮನೆಮನೆ ತಿರುಗಿ ಆ ಬೀಜ ಕೇಳುವುದರಿಂದ. ಗದ್ದೆ ಕೆಟ್ಟದ್ದನ್ನು ಸರಿಪಡಿಸಲು ಕೆಲವು ಮಳೆಗಾಲ ಸಾಕು. ಕೂಡಿ ದುಡಿಯುವ ರೂಢಿ ಕೆಟ್ಟದ್ದನ್ನು ಸರಿಪಡಿಸಲು ನಾವು ಇವತ್ತಿಗೂ ಹೆಣಗುತ್ತಿದ್ದೇವೆ.

ಈಗ ಒಂದು ಕಟುಮಾತು. ಜೂನ್ 5ರ ಪರಿಸರ ದಿನ ಬಂದರೆ ನಿಮ್ಮಂಥ ಹುಡುಗರು ಬಸ್ಸು ತುಂಬಿ ಬಂದು ಉಪ್ಪುನೀರಿನ ಕಾಂಡ್ಲಾ ಗಿಡ ನೆಟ್ಟು, ಫೋಟೊ ಹೊಡೆಸಿಕೊಂಡು ಹೋಗುತ್ತೀರಿ. ಎಲ್ಲಿ ನೆಡುತ್ತೀರಿ? ಬಳಚು ಬೆಳೆಯುವ ಬಯಲು ಕೆಸರಿನಲ್ಲಿ! ಇಳಿತದ ಹೊತ್ತಿಗೆ ಆ ಕೆಸರಿನಲ್ಲಿ ಹೆಂಗಸರು ಸೊಂಟ ಬಗ್ಗಿಸಿ ಬಳಚು ಆರಿಸಿ ಮಕ್ಕಳ ಫೀಸು ಕಟ್ಟುತ್ತಾರೆ. ಅವರನ್ನು ಒಂದು ಮಾತು ಕೇಳಬಾರದೇ? ಕಾಂಡ್ಲಾ ಬೇಕು, ಆದರೆ ಎಲ್ಲೆಲ್ಲೂ ಬೇಡ. ನೆಟ್ಟ ಗಿಡ ಬದುಕಿತೇ ಎಂದು ನೋಡಲು ಮರುವರ್ಷ ಯಾರೂ ಬರುವುದಿಲ್ಲ. ಇದನ್ನು ಹೇಳಿ ಹೇಳಿ ನನ್ನ ಗಂಟಲು ಸೋತಿದೆ.

ನಮ್ಮ ಅಳಿವೆಯ ದಡದ ತದಡಿಗೆ ಕಲ್ಲಿದ್ದಲಿನ ಬೃಹತ್ ವಿದ್ಯುತ್ ಸ್ಥಾವರದ ಪ್ರಸ್ತಾಪ ಬಂದಾಗ ಘೋಷಣೆ ಕೂಗಿದೆವು, ಬೇಕಿತ್ತು. ಆದರೆ ಅಧಿಕಾರಿಗಳ ಮುಂದೆ ಕೆಲಸಕ್ಕೆ ಬಂದದ್ದು ಲೆಕ್ಕ: ಯಾವ ಊರಿನ ಎಷ್ಟು ಮನೆ ಈ ನೀರಿನಿಂದ ಉಣ್ಣುತ್ತದೆ ಎಂಬ ಲೆಕ್ಕ. ಆದ್ದರಿಂದ ಪಹಣಿ ಓದುವುದು ಕಲಿಯಿರಿ. ನಿಮ್ಮ ಗ್ರಾಮ ಪಂಚಾಯಿತಿಯಲ್ಲಿ 2002ರ ಜೀವವೈವಿಧ್ಯ ಕಾಯ್ದೆಯ ಪ್ರಕಾರ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು. ಅದರ ದಾಖಲಾತಿ ಪುಸ್ತಕ ಎಲ್ಲಿದೆ ಎಂದು ಕೇಳಿ. ಸಭೆಯ ನಡಾವಳಿ ಅದೇ ದಿನ ಬರೆದು ಸಹಿ ಹಾಕಿಸಿ. ಸಂಘ ಕಟ್ಟಿದರೆ ಅದರ ದುಡ್ಡು ಮನೆಯ ದುಡ್ಡಿನ ಜೊತೆ ಸೇರಿಸಬೇಡಿ. ಮೊದಲು ಸಂಬಳ ಬರುವ ಒಂದು ಕೆಲಸ ಹಿಡಿಯಿರಿ, ಮನೆಯವರನ್ನು ಉಪವಾಸ ಕೆಡವಿ ಹೋರಾಟ ಮಾಡಬೇಡಿ. ಈಜು ಬಾರದವರು ಈಜು ಕಲಿಯಿರಿ.

2024ರಲ್ಲಿ ನಮ್ಮ ಅಳಿವೆಯ 4801 ಹೆಕ್ಟೇರು ರಾಮ್ಸಾರ್ ತಾಣ, ಅಂದರೆ ಅಂತರರಾಷ್ಟ್ರೀಯ ಮಹತ್ವದ ಜೌಗುಪ್ರದೇಶ, ಎನಿಸಿತು. ಸಂತೋಷವೇ. ಆದರೆ ನಮ್ಮ ಬಯಲಿನಲ್ಲಿ ಬಾಗಿಲು ಕಾಯುವವರೆಲ್ಲ ಅರವತ್ತು ದಾಟಿದ್ದಾರೆ. ಈ ಮಳೆಗಾಲಕ್ಕೆ ರಾತ್ರಿ ಎದ್ದು ಬರಬಲ್ಲ ಇಬ್ಬರು ಬೇಕು, ಲೆಕ್ಕ ಬರೆಯಬಲ್ಲ ಒಬ್ಬರು ಬೇಕು. ನಮ್ಮ ಬಯಲಿನ ಸಂಘ ಕೊಡುವ ಸಂಬಳ ಕಡಿಮೆ. ಊಟ, ವಸತಿ ನಮ್ಮ ಮನೆಯಲ್ಲಿ. ಬರುವವರು ಮೇ ತಿಂಗಳಲ್ಲೇ ಬನ್ನಿ, ಮಳೆ ಹಿಡಿಯುವ ಮೊದಲು ದಂಡೆಯ ಕೆಲಸ ಮುಗಿಯಬೇಕು.